ನಲವತ್ತು ದಿನದ ಕಣ್ಣು

ಜೂನ್ 4, ಬೆಳಿಗ್ಗೆ
ಮಕ್ಕಳ ಯೋಗದ ಬ್ಯಾಚ್ ಮುಗಿಯಿತು. ಹನ್ನೊಂದು ಮಕ್ಕಳು. ಯಾರಿಗೂ ದೂರದ್ದು ಸರಿಯಾಗಿ ಕಾಣದು. ಅಂಗೈ ಉಜ್ಜಿ ಕಣ್ಣು ಮುಚ್ಚಿಕೊಳ್ಳುವುದು, ಹೆಬ್ಬೆರಳ ತುದಿ ನೋಡಿ ಆಮೇಲೆ ಕಿಟಕಿಯಾಚೆ ನೋಡುವುದು... ಅಷ್ಟೇ. ತಾಯಂದಿರಿಗೆ ಮತ್ತೆ ಹೇಳಿದೆ: ಇದು ಕಣ್ಣಿನ ಆಯಾಸಕ್ಕೆ, ನಂಬರ್ ಇಳಿಸುವುದಕ್ಕಲ್ಲ. ಕನ್ನಡಕ ಬಿಡಿಸಬೇಡಿ, ಡಾಕ್ಟರನ್ನೂ ಬಿಡಬೇಡಿ. ಬಾಗಿಲಲ್ಲಿ ನಿಂತಿದ್ದ ಸೆಂಟರಿನ ಮಾಲೀಕ ಹರಳೆಣ್ಣೆ ಕುಡಿದ ಮುಖ ಮಾಡಿದ.

ಜೂನ್ 9
ಗೇಟಿಗೆ ಹೊಸ ಬೋರ್ಡು. ‘ನಲವತ್ತೇ ದಿನ. ಕನ್ನಡಕಕ್ಕೆ ಗುಡ್‌ಬೈ!’ ಕೆಳಗೆ ನನ್ನ ಫೋಟೋ! ಒಂದು ಮಾತು ಕೇಳಿಲ್ಲ. ಮೈಯೆಲ್ಲ ಉರಿದುಹೋಯಿತು.
“ಯಾರನ್ನ ಕೇಳಿ ಬರೆಸಿದ್ರಿ ಇದನ್ನ?”
“ಪಾಠ ನೀವು ನೋಡ್ಕೊಳ್ಳಿ ಮೇಡಂ. ಜನ ಬರೋದನ್ನ ನಾನು ನೋಡ್ಕೋತೀನಿ.”
“ಹಾಗಾದ್ರೆ ನಿಮ್ಮ ಮುಖಾನೇ ಹಾಕ್ಕೊಳ್ಳಿ.”
ನಕ್ಕ. ಸೋಮವಾರ ತೆಗೆಸುತ್ತಾನಂತೆ.

ಜುಲೈ 2
ತೆಗೆಸಿಲ್ಲ. ದಿನಾ ಅದರ ಕೆಳಗೇ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದೇನೆ. ನಾಚಿಕೆಗೇಡು.
ಗುಬ್ಬಿ ಎಂದು ಕರೆಯುತ್ತೇವಲ್ಲ, ಹೊಸದಾಗಿ ಸೇರಿದ ಒಂಬತ್ತು ವರ್ಷದವಳು. ಇವತ್ತು ಬರಿಗಣ್ಣಲ್ಲಿ ಬಂದಳು. ಕಸ ಗುಡಿಸುವಾಕೆಯನ್ನೇ ನಾನೆಂದುಕೊಂಡು ನಮಸ್ತೆ ಹೇಳಿದಳು. ಕನ್ನಡಕವೆಲ್ಲಿ?
“ಅಮ್ಮ ಬೀರೂಲಿ ಇಟ್ಟಿದಾರೆ.”
ತಾಯಿಗೆ ಫೋನ್ ಮಾಡಿದೆ.
“ಹಾಕಿದಷ್ಟೂ ಕಣ್ಣು ಸೋಮಾರಿ ಆಗತ್ತೆ ಅಂದ್ರಲ್ಲ ನಿಮ್ಮ ಸರ್. ನಿಮ್ಮ ಫೋಟೋ ನೋಡೇ ಅಲ್ವಾ ಮೇಡಂ ಸೇರಿಸಿದ್ದು?”
ಹಾಕಿಸಿ ಎಂದೆ. ಗಟ್ಟಿಯಾಗಿ ಹೇಳಲಿಲ್ಲ.

ಜುಲೈ 20, ಸಂಜೆ
ಹಾಲ್ ತುಂಬ ಪೋಷಕರು. ಮಾಲೀಕ ಗೋಡೆಗೆ ಅಕ್ಷರದ ಚಾರ್ಟ್ ಹಾಕಿ ಗುಬ್ಬಿಯನ್ನು ನಿಲ್ಲಿಸಿದ. ಪಟಪಟನೆ ಓದಿದಳು, ಕೊನೆಯ ಸಾಲಿನ ತನಕ. ಚಪ್ಪಾಳೆ. ವಿಡಿಯೋ. ತಾಯಿ ಅತ್ತೇಬಿಟ್ಟರು.
ಅಷ್ಟು ಸಲೀಸಾಗಿ ಓದಿದ್ದೇ ಅನುಮಾನ. ತಾಯಿ ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಚಾರ್ಟಿನ ಹಿಂಬದಿ ತಿರುಗಿಸಿದೆ. ಬೇರೆ ಅಕ್ಷರಗಳು.
“ಇದನ್ನ ಓದು ಪುಟ್ಟಿ.”
ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ, “ಈ ಕಡೇದು ಬಾಯಿಪಾಠ ಮಾಡಿಲ್ಲ ಮೇಡಂ.”
ಚಾರ್ಟನ್ನು ಮತ್ತೆ ಮೊದಲಿನಂತೆ ತಿರುಗಿಸಿದೆ.
“ಅಮ್ಮಂಗೆ ಹೇಳ್ಬೇಡಿ. ಎಷ್ಟು ಖುಷಿಯಾಗಿದಾರೆ ಗೊತ್ತಾ?”

ಜುಲೈ 21
ಏಣಿ ಹಾಕಿ ಬೋರ್ಡು ಕಿತ್ತೆ. ಮಾಲೀಕ ಬಾಯಿಗೆ ಬಂದಂತೆ ಬೈದ. ನಾನೂ ಬೈದೆ. ಕೆಲಸ ಬಿಟ್ಟೆ.
ನೇರ ಗುಬ್ಬಿಯ ಮನೆಗೆ. ಮಾತು ಕೊಟ್ಟಿರಲಿಲ್ಲ ಮಗುವಿಗೆ. ಆದರೂ ಅವಳ ಮುಖ ನೋಡಲಾಗಲಿಲ್ಲ.
ತಾಯಿ ಕೇಳಿಸಿಕೊಂಡರು. “ಇದನ್ನ ಅವತ್ತು ಫೋನಲ್ಲೇ ಹೇಳ್ಬಹುದಿತ್ತು” ಎಂದರು. ಹೌದು. ಹೇಳಬಹುದಿತ್ತು.

ಜುಲೈ 24
ಮೂವರೂ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆವು. ನಂಬರ್ ಏರಿದೆ. “ವ್ಯಾಯಾಮ ಮಾಡ್ಲಿ, ಬಿಸಿಲಲ್ಲಿ ಆಡ್ಲಿ. ಕನ್ನಡಕ ಮಾತ್ರ ತಪ್ಪಿಸ್ಬೇಡಿ” ಎಂದರು. ನಾನು ಹೇಳುತ್ತಿದ್ದುದೂ ಅದೇ. ಯಾರಿಗೆ ಕೇಳಿಸಿತು? ಗುಬ್ಬಿ ದಾರಿಯುದ್ದಕ್ಕೂ ನನ್ನ ಜೊತೆ ಮಾತು ಬಿಟ್ಟಿದ್ದಳು.

ಜುಲೈ 27
ಉಳಿದ ಮಕ್ಕಳ ಮನೆಯ ಫೋನ್ ನಂಬರುಗಳೆಲ್ಲ ಸೆಂಟರಿನ ಪುಸ್ತಕದಲ್ಲಿ. ಗೊತ್ತಿರುವುದು ನಾಲ್ಕು ಮನೆ. ಮೊದಲನೆಯದಕ್ಕೆ ಹೋದೆ. ತಂದೆ ಬಾಗಿಲು ತೆರೆದರು. ಮುಖವರಳಿತು.
“ಅಯ್ಯೋ, ಬನ್ನಿ ಮೇಡಂ! ನಮ್ಮ ಮಗಳೂ ಕನ್ನಡಕ ಬಿಟ್ಟೇಬಿಟ್ಲು. ನಿಮ್ಮ ಉಪಕಾರ ಮರೆಯೋ ಹಾಗಿಲ್ಲ. ಕೂತ್ಕೊಳ್ಳಿ.”
ಕೂರಲಿಲ್ಲ. ನಿಂತೇ ಹೇಳಿದೆ, ಈ ಸಲ ಗಟ್ಟಿಯಾಗಿ: “ಆ ಬೋರ್ಡಿನ ಮಾತು ಸುಳ್ಳು, ಮಗಳಿಗೆ ಇವತ್ತೇ ಕನ್ನಡಕ ಹಾಕಿಸಿ.”