ಅವಲಕ್ಕಿ ಡಬ್ಬಿಯ ತಳದ ಶೆಟ್ಲಿ

ಧಾರವಾಡ, ೧೭-೭-೧೯೬೩

ಬಾಡ ಊರಿನಲ್ಲಿರುವ ನನ್ನ ಅವ್ವನಿಗೆ ಮಗಳು ದುರ್ಗಿಯ ನಮಸ್ಕಾರ.

ಅವಲಕ್ಕಿ ಡಬ್ಬಿಯ ತಳದಲ್ಲಿ ನೀನು ಅಡಗಿಸಿ ಕಳಿಸಿದ ಒಣ ಶೆಟ್ಲಿ ತಲುಪಿತು. ನನ್ನ ಬಾಯಿಗಿಂತ ಮೊದಲು ಇಡೀ ಹಾಸ್ಟೆಲ್ಲಿನ ಮೂಗಿಗೆ ತಲುಪಿತು. ಇಲ್ಲಿ ಮೀನು, ಸಿಗಡಿ ತಂದವರನ್ನು ಹೊರಗೆ ಹಾಕುತ್ತಾರೆ. ಎಲ್ಲೋ ಇಲಿ ಸತ್ತಿದೆ ಎಂದು ಹುಡುಗಿಯರು ಎರಡು ದಿನ ಹುಡುಕಿದರು. ಎಲ್ಲರಿಗಿಂತ ಜೋರಾಗಿ ಹುಡುಕಿದವಳು ನಾನೇ.

ನಿನ್ನೆ ಮೇಟ್ರನ್ ವನಮಾಲಾಬಾಯಿ ಸೀದಾ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದರು. ನನ್ನ ಕಾಲೇಜು ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಅವರು ಡಬ್ಬಿ ಮೂಸಿ, "ಕುಮಟೆ ಬದಿಯ ಶೆಟ್ಲಿ ಅಲ್ಲದಾ ಇದು? ನಂದು ಹೊನ್ನಾವರ ಮಾರಾಯ್ತಿ. ತಿನ್ನದೇ ಎಂಟು ವರ್ಷ ಆತು," ಅಂದರು. ಅರ್ಧ ಶೆಟ್ಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಗೆ ಹೋಗಿ, ಇಲಿ ಸಿಕ್ಕಿತು, ಹೂತು ಬರುತ್ತೇನೆ ಎಂದು ಎಲ್ಲರಿಗೂ ಸಾರಿದರು.

ನನ್ನ ಕೆಮ್ಮು ವಾಸಿಯಾಗಿದೆ. ಈ ಕಾರ್ಡನ್ನು ಅಣ್ಣ ನಿನಗೆ ಮೆಲ್ಲಗೆ ಓದಿ ಹೇಳಲಿ, ಜಗಲಿಯಲ್ಲಿ ಬೇಡ. ಮುಂದಿನ ಪಾರ್ಸಲ್ ಬಾಯಿಯವರ ಹೆಸರಿಗೇ ಬರಲಿ, ಇಬ್ಬರಿಗೆ ಸಾಲುವಷ್ಟು. ಇನ್ನೇನು ಶ್ರಾವಣ ಬಂತಲ್ಲ, ಅವಸರವಿಲ್ಲ. ಚೌತಿ ಕಳೆದ ಕೂಡಲೇ ಹಾಸ್ಟೆಲ್ಲಿನಲ್ಲಿ ಇನ್ನೊಂದು ಇಲಿ ಸಾಯಬೇಕು ಎಂದು ಬಾಯಿಯವರ ಅಪ್ಪಣೆಯಾಗಿದೆ.

ದುರ್ಗಿ