ಇಂದುಮತಿ ಹಿಡಿದ ಮೊದಲ ಭಾಷೆ

ಗದಗ, ಫೆಬ್ರವರಿ ೩೦, ೨೨೧೪

ಕಂಪ್ಯೂಟರ್ ಆಟ ಕಟ್ಟಲು ಕಲಿಯಬೇಕೆಂದು ಹೊರಟು, ಕೋಡ್ ಬರೆಯುವ ಯಾವ ಭಾಷೆಯಿಂದ ಶುರು ಮಾಡಲಿ ಎಂದು ತಲೆ ಕೆಡಿಸಿಕೊಂಡಿರುವ ನಿಮಗೆ ಸಾವಂತ್ರಿಯ ನಮಸ್ಕಾರ.

ತಾರೀಖು ತಪ್ಪಿದೆ ಎಂದುಕೊಳ್ಳಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನಿಮ್ಮ ಕಾಲದ ಕನ್ನಡ ನನಗೆ ಓದಿ ಬಂದದ್ದು, ಆಡಿ ಬಂದದ್ದಲ್ಲ. ಮಾತು ಎಲ್ಲಾದರೂ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ.

ಇಲ್ಲಿ ಪ್ರತಿ ಮನೆಯ ಪಡಸಾಲೆಯಲ್ಲೂ ಒಂದು ನುಡಿಗಂಬವಿದೆ. ಬಾಯಿಬಿಟ್ಟು ಕೇಳಿದ್ದನ್ನು ಮಾಡಿಕೊಡುವ ಕಂಬ ಅದು. ಬೆಳಿಗ್ಗೆ ರೊಟ್ಟಿಯ ಹಂಚು ಕಾಯುವುದು, ಚಾವಣಿ ಹೀರಿದ ಇಬ್ಬನಿ ಕೊಡಕ್ಕಿಳಿಯುವುದು, ಮಕ್ಕಳ ಆಟ ಹುಟ್ಟುವುದು ಎಲ್ಲ ಅದರಿಂದಲೇ. ಆನೆ ಓಡಿಸುವ ಆಟ ಬೇಕೆಂದರೆ, ಚಹಾ ಆರುವುದರೊಳಗೆ ಗೋಡೆಯ ಮೇಲೆ ಆನೆ ಓಡುತ್ತಿರುತ್ತದೆ. ಹಾಗಾಗಿ ಕೈಯಿಂದ ಕೋಡ್ ಬರೆಯುವವರು ನಮ್ಮಲ್ಲಿ ಉಳಿದಿಲ್ಲವೆಂದೇ ಹೇಳಬೇಕು.

ನನ್ನ ತಂಗಿ ಇಂದುಮತಿಗೆ ಗಂಟಲ ಬೇನೆಯಲ್ಲಿ ದನಿ ಹೋಯಿತು. ಕಂಬ ದನಿಯನ್ನಷ್ಟೇ ಬಲ್ಲದು. ಅವಳ ಪರವಾಗಿ ನಾನೇ ಕೇಳುತ್ತಿದ್ದೆ. ಬಂದದ್ದು ನನ್ನ ಆಟವಾಗಿರುತ್ತಿತ್ತು, ಅವಳದಲ್ಲ. ಅವಳು ಮುಖ ತಿರುಗಿಸುತ್ತಿದ್ದಳು.

ಹಳೆಯ ಕಂಪ್ಯೂಟರ್‌ಗಳನ್ನು ಕಾಪಾಡಿಕೊಂಡು ಬಂದಿದ್ದ ಫಕ್ಕೀರೇಶ ಮಾಸ್ತರರ ಬಳಿ ಹೋದೆವು. ನಿಮ್ಮ ಕಾಲದ ದೊಡ್ಡ ಆಟಗಳು ಸಿ ಪ್ಲಸ್ ಪ್ಲಸ್ ಎಂಬ ಭಾಷೆಯಲ್ಲಿ ಹುಟ್ಟಿದವೆಂದು ಕೇಳಿ, ಅಕ್ಕತಂಗಿಯರು ಅದನ್ನೇ ಆರಿಸಿದೆವು. ಮಳೆಗಾಲ ಮುಗಿಯಿತು. ಇಂದುಮತಿ ಬರೆದಳು, ಅಳಿಸಿದಳು. ಪರದೆಯ ಮೇಲೆ ತಪ್ಪುಗಳ ಸಾಲು ಬಿಟ್ಟರೆ ಏನೂ ಮೂಡಲಿಲ್ಲ. ಒಂದು ಮಧ್ಯಾಹ್ನ ಕೀಲಿಮಣೆಯನ್ನು ಅತ್ತ ಸರಿಸಿ ಎದ್ದುಬಿಟ್ಟಳು.

ಮಾಸ್ತರರು ತಡೆದರು. “ಭಾಷಿ ಮಾತು ಬಿಡು ತಂಗಿ. ನಿನಗ ಯಾವ ಆಟ ಬೇಕು, ಅದನ್ನ ತೋರಿಸು.”

ಅವಳು ಅಂಗಳಕ್ಕಿಳಿದು ಸುಣ್ಣದ ತುಂಡಿನಿಂದ ಚೌಕಗಳನ್ನು ಗೀಚಿ, ಒಂಟಿ ಕಾಲಲ್ಲಿ ಕುಪ್ಪಳಿಸಿದಳು. ಕುಂಟೆಬಿಲ್ಲೆ! ನಾವಿಬ್ಬರೂ ಲಂಗ ಎತ್ತಿ ಕಟ್ಟಿ ಆಡುತ್ತಿದ್ದ ಆಟ.

“ಇಷ್ಟೇ ಆದ್ರ ಪೈಥಾನ್ ಭಾಷಿ ಹಿಡಿ. ಸಂಜಿ ಒಳಗ ಬಿಲ್ಲಿ ಹಾರತೈತಿ. ದೊಡ್ಡ ಭಾಷಿ ಬೇಕಾದಾಗ ಕಲಿತರಾತು,” ಎಂದರು ಮಾಸ್ತರರು.

ಬಿಲ್ಲೆ ಹಾರಿತು. ಓರೆಯಾಗಿ ಹಾರಿ ಪರದೆಯಾಚೆ ಮಾಯವಾಯಿತು. ಇಂದುಮತಿ ಸದ್ದಿಲ್ಲದೆ ನಗುತ್ತ, ಕಣ್ಣು ತುಂಬಿಕೊಂಡು, ನನ್ನ ಭುಜ ಜಗ್ಗಿ ಜಗ್ಗಿ ತೋರಿಸಿದಳು. ಮರುವರ್ಷ ಆಟ ಪೂರ್ತಿಯಾಯಿತು. ಅದರಲ್ಲಿ ಇಬ್ಬರು ಹುಡುಗಿಯರು; ಒಬ್ಬಳನ್ನು ಅವಳು ಆಡಿಸಬೇಕು, ಇನ್ನೊಬ್ಬಳನ್ನು ನಾನು. ಅವಳ ಹುಡುಗಿ ಬಿಲ್ಲೆ ಎಸೆದ ಮೇಲೆಯೇ ನನ್ನವಳು ಕುಪ್ಪಳಿಸಬೇಕು. “ಒಬ್ಬರೇ ಆಡೂ ಹಂಗೂ ಮಾಡು,” ಎಂದೆ. ಇಲ್ಲವೆಂದು ತಲೆಯಾಡಿಸಿದಳು.

ಹೋದ ಚಳಿಗಾಲ ಬೇನೆ ಮರಳಿತು. ಇಂದುಮತಿ ಉಳಿಯಲಿಲ್ಲ.

ಆಟ ಇಂದಿಗೂ ತೆರೆಯುತ್ತದೆ. ಪರದೆಯ ಮೇಲೆ ನನ್ನ ಹುಡುಗಿ ಒಂಟಿ ಕಾಲಲ್ಲಿ ನಿಂತು ಕಾಯುತ್ತಾಳೆ. ನುಡಿಗಂಬಕ್ಕೆ ಹೇಳಿದರೆ ತಂಗಿಯ ಪಾಲಿನ ಬಿಲ್ಲೆಯನ್ನು ಅದೇ ಎಸೆದುಕೊಟ್ಟೀತು. ನಾನು ಹೇಳಿಲ್ಲ. ಸುಮ್ಮನೆ ಸ್ವಲ್ಪ ಹೊತ್ತು ನೋಡಿ ಮುಚ್ಚುತ್ತೇನೆ.

ನಿಮ್ಮಲ್ಲಿ ಒಂದು ಕೋರಿಕೆ. ಯಾವ ಭಾಷೆ ದೊಡ್ಡದು ಎಂದು ಅಳೆಯುತ್ತ ವರ್ಷ ಕಳೆಯಬೇಡಿ. ನಿಮ್ಮ ಮನಸ್ಸಿನಲ್ಲಿರುವ ಸಣ್ಣ ಆಟವನ್ನು ಬೇಗ ಕಣ್ಣೆದುರಿಗೆ ತರುವುದು ಯಾವುದೋ, ಅದನ್ನೇ ಹಿಡಿಯಿರಿ. ಮೊದಲ ಸಲ ಅದರಲ್ಲಿ ಏನಾದರೂ ಅಲುಗಿದ ದಿನ, ಪಕ್ಕದ ಕೋಣೆಯಲ್ಲಿ ಯಾರಿದ್ದರೂ ಕರೆದು ತೋರಿಸಿ. ಕರೆದರೆ ಬರುವಷ್ಟು ಹತ್ತಿರ ಇದ್ದಿದ್ದರೆ, ನಾನೂ ಬಂದು ನೋಡುತ್ತಿದ್ದೆ.

ಸಾವಂತ್ರಿ