ಕೆಲಸಕ್ಕೆ ಹೋಗುತ್ತಿದ್ದ ದನಿ

ಮಾರ್ಚ್ ೪, ಸಂಜೆ

ಅಕ್ಷರ ಕೋಳಿ ಕೆದರಿದ ಹಾಗಿದೆ, ಕಾಗುಣಿತವೂ ತಪ್ಪುತ್ತದೆ. ಕ್ಷಮಿಸಬೇಕು. ಯಾರು ಕ್ಷಮಿಸಬೇಕೋ ಗೊತ್ತಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಈ ಪುಸ್ತಕ ಅಕ್ಕ ಕೊಟ್ಟದ್ದು, ಇಂಗ್ಲಿಷ್ ಶಬ್ದ ಬರೆದುಕೊಳ್ಳಲು. ಹಿಂದಿನಿಂದ ಶಬ್ದ, ಮುಂದಿನಿಂದ ನನ್ನದು.

ಇವತ್ತು ಲಾಂಡ್ರಿಯಲ್ಲಿ ನಲವತ್ತೊಂದು ಶರ್ಟು ಇಸ್ತ್ರಿ. ಮನೆಗೆ ಬಂದು ಪಾಠ. ಅಕ್ಕನ ದನಿ ಇನ್ನಷ್ಟು ಗೊಗ್ಗರಾಗಿದೆ. ಇಪ್ಪತ್ತಕ್ಕೆ ಆಪರೇಷನ್. ಗಂಟಲಿನ ಗಂಟಿನ ಜೊತೆ ದನಿಪೆಟ್ಟಿಗೆಯನ್ನೂ ತೆಗೆಯುತ್ತಾರೆ. ಆಮೇಲೆ ಮಾತಿಲ್ಲ. ಉಸಿರು ಕುತ್ತಿಗೆಯ ತೂತಿನಿಂದ.

ಹಲ್ಲಿನ ಕ್ಲಿನಿಕ್ಕಿನಲ್ಲಿ ಏಳು ವರ್ಷ ಫೋನ್ ಎತ್ತಿದವಳು. ಆ ಕೆಲಸ ಮನೆಯಲ್ಲೇ ಉಳಿಯಲಿ ಎಂದು ಡಾಕ್ಟರಮ್ಮನನ್ನು ಕೇಳಿ ನನಗೆ ಗೊತ್ತು ಮಾಡಿದ್ದಾಳೆ. ಎರಡು ತಿಂಗಳು ನೋಡುತ್ತಾರಂತೆ. ಫೋನಿನಲ್ಲಿ ನನ್ನ ಇಂಗ್ಲಿಷ್ ಜನಕ್ಕೆ ತಿಳಿಯಬೇಕು.

"ನೀನು ಎಲ್ಲ ಅಕ್ಷರಕ್ಕೂ ಒಂದೇ ಮರ್ಯಾದೆ ಕೊಡ್ತೀಯ ಗುಬ್ಬಿ," ಅಂದಳು. "ಇಂಗ್ಲಿಷಲ್ಲಿ ಒಂದು ಶಬ್ದಕ್ಕೆ ಒಬ್ಬನೇ ಯಜಮಾನ. ಮಿಕ್ಕವರು ಸರಿದು ನಿಲ್ಬೇಕು."

"ಯಜಮಾನ ಯಾರು ಅಂತ ಹ್ಯಾಗೆ ಗೊತ್ತಾಗತ್ತೆ?"

"ಕೇಳಿ ಕೇಳಿ. ಕಾಲರ್ ಮೇಲೆ ಇಸ್ತ್ರಿ ಒತ್ತಿ ಹಿಡೀತೀಯಲ್ಲ? ಬೆನ್ನಿನ ಮೇಲೆ ಸುಮ್ನೆ ಜಾರಿಸ್ತೀಯ. ಹಾಗೆ. ಅಪಾಯಿಂಟ್‌ಮೆಂಟ್... ಹೇಳು, ಕಾಲರ್ ಎಲ್ಲಿದೆ?"

"...ಪಾಯಿಂಟ್?"

"ನೋಡಿದ್ಯಾ! ಇಷ್ಟು ದಿನ ಲಾಂಡ್ರಿಯವ್ನು ನಿಂಗೆ ಇಂಗ್ಲಿಷ್ ಕಲಿಸ್ತಿದ್ದ. ಅವ್ನಿಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ."

ಮಾರ್ಚ್ ೧೧

ತಿಂಗಳುಗಳು. ಜನವರಿಗೆ ಒತ್ತು ತಲೆಯಲ್ಲಿ, ಸೆಪ್ಟೆಂಬರಿಗೆ ನಡುವಿನಲ್ಲಿ. ಡೆಂಟಿಸ್ಟ್ — ಡೆನ್. ರಿಸೀಟ್ — ಸೀಟ್. ಕ್ಯಾನ್ಸಲ್ — ಕ್ಯಾನ್.

ಅಡುಗೆಮನೆಯಿಂದ ಅಮ್ಮ: "ಇಬ್ರೂ ಹಲ್ಲು ಕಡಿಯೋದು ನಿಲ್ಸಿ ಬರ್ರೇ, ಊಟ ಆರ್ತಿದೆ."

ಅಕ್ಕನ ಕಾಯಿಲೆಯ ಹೆಸರಿಗೆ ಒತ್ತು ಎಲ್ಲಿ ಎಂದು ಕೇಳಲು ಬಾಯಿ ಬರಲಿಲ್ಲ. ಅವಳೇ ಹೇಳಿದಳು. "ಅದಕ್ಕೂ ಮೊದಲ್ನೇದಕ್ಕೇ. ಬರ್ಕೋ."

ಬರೆದುಕೊಳ್ಳಲಿಲ್ಲ.

ಮಾರ್ಚ್ ೧೯

ನಾಳೆ. ಅಕ್ಕ ಇವತ್ತೆಲ್ಲ ಮಾತಾಡುತ್ತಾಳೆ ಅಂದುಕೊಂಡಿದ್ದೆ. ಬಟ್ಟೆ ಮಡಿಸುತ್ತಾ ಕೂತಿದ್ದಳು.

"ಏನಾದ್ರೂ ಮಾತಾಡೇ," ಅಂದಳು ಅಮ್ಮ.

"ಏನು, ಸ್ಟಾಕ್ ಖಾಲಿ ಮಾಡ್ಲಾ?"

ಅಮ್ಮ ನಗಲು ಹೋದಳು. ಆಗಲಿಲ್ಲ. ಒಳಗೆ ಎದ್ದುಹೋದಳು.

ಏಪ್ರಿಲ್ ೧೪

ಬರೆಯುವಂಥದ್ದು ಬಹಳ ಇತ್ತು. ಅದಕ್ಕೇ ಬರೆಯಲಿಲ್ಲ.

ಅಕ್ಕ ಮನೆಗೆ ಬಂದು ಹತ್ತು ದಿನ. ಸ್ಲೇಟು, ಬಳಪ. ನಾನು ಕ್ಲಿನಿಕ್ಕಿಗೆ ಸೇರಿ ಎರಡು ವಾರ. ಫೋನ್ ಮಾಡಿದವರೆಲ್ಲ "ಆ ಇನ್ನೊಬ್ರು ಇಲ್ವಾ?" ಎಂದೇ ಶುರು ಮಾಡುತ್ತಾರೆ. ರಜೆ ಎನ್ನುತ್ತೇನೆ.

ಪಾಠ ಈಗ ಹೀಗೆ — ನಾನು ಶಬ್ದ ಹೇಳುತ್ತೇನೆ, ಅವಳು ನನ್ನ ಮಣಿಕಟ್ಟು ಹಿಡಿದಿರುತ್ತಾಳೆ. ಒತ್ತು ಬೀಳಬೇಕಾದಲ್ಲಿ ಅವಳ ಬೆರಳು ಬಿಗಿಯುತ್ತದೆ. ತಪ್ಪಿದರೆ ಚಿವುಟುತ್ತಾಳೆ. ಕೈಯೆಲ್ಲ ಕೆಂಪು.

ಕ್ಲಿನಿಕ್ಕಿನಲ್ಲಿ ಒಂದರಿಂದ ಎರಡು ಊಟ. ಆಗ ಫೋನ್ ಎತ್ತಬಾರದು, ಮೆಷಿನ್ ಎತ್ತಿ ಮೊದಲೇ ತುಂಬಿಸಿಟ್ಟ ಮಾತು ಹೇಳುತ್ತದೆ. ಮೆಷಿನ್ನಿನಲ್ಲಿ ಅಕ್ಕ. ಇಂಗ್ಲಿಷಿನಲ್ಲಿ ಮೂರು ವಾಕ್ಯ. ಕಾಯಿಲೆಗೆ ಮುಂಚಿನ ದನಿ, ಇನ್ನೇನು ನಕ್ಕೇಬಿಡುತ್ತಾಳೆ ಅನ್ನುವ ಹಾಗೆ. ಊಟದ ಡಬ್ಬಿ ತೆರೆದಿಟ್ಟುಕೊಂಡು ಕೇಳುತ್ತೇನೆ.

ಏಪ್ರಿಲ್ ೨೨

ದಿನಾ ಒಂದೂಕಾಲಿಗೆ ಒಂದು ಕರೆ. ಅಕ್ಕನ ಮೂರು ವಾಕ್ಯ ಮುಗಿದು ಬೀಪ್ ಆಗುತ್ತದೆ. ಆಮೇಲೆ ಯಾರೂ ಮಾತಾಡುವುದಿಲ್ಲ.

"ಯಾವನೋ ಪೋಲಿ," ಎನ್ನುತ್ತಾಳೆ ನರ್ಸಮ್ಮ. "ಹೆಂಗಸರ ದನಿ ಕೇಳಕ್ಕೆ ಮಾಡ್ತಾನೆ."

ಇವತ್ತು ಸದ್ದು ಜೋರಾಗಿಟ್ಟು ಕೇಳಿದೆ. ಬೀಪಿನ ನಂತರ ಉಸಿರು. ಸಣ್ಣಗೆ ಸೀಟಿ ಹಾಕುತ್ತಾ ತೂತಿನಿಂದ ಬರುವ ಉಸಿರು. ಆ ಸದ್ದಿನ ಪಕ್ಕದಲ್ಲೇ ನಾನು ಮಲಗುವುದು. ನಂಬರ್ ನೋಡಬೇಕಾಗಿರಲಿಲ್ಲ. ಆದರೂ ನೋಡಿದೆ. ನಮ್ಮ ಮನೆಯದೇ.

"ಪೋಲಿ ಅಲ್ಲ ಬಿಡಿ," ಅಂದೆ.

ಮೇ ೬

ಡಾಕ್ಟರಮ್ಮ ಕರೆದರು. "ಮೆಷಿನ್ನಲ್ಲಿ ಇನ್ನು ನಿನ್ನ ದನಿ ಹಾಕಮ್ಮ. ಜನ ಅವಳನ್ನೇ ಕೇಳ್ಕೊಂಡು ಬರ್ತಾರೆ, ಎಷ್ಟು ಸಲ ಅಂತ ಹೇಳೋದು?"

ಹಳೇ ಮೆಷಿನ್. ಒಂದು ದನಿಗೆ ಮಾತ್ರ ಜಾಗ. ನನ್ನದು ಕೂತರೆ ಅವಳದು ಅಳಿಯುತ್ತದೆ.

ಮೊದಲು ಡಾಕ್ಟರಮ್ಮನ ಎದುರಿಗೆ ಹೇಳಿ ತೋರಿಸಬೇಕಿತ್ತು. ಎಲ್ಲ ಅಕ್ಷರಕ್ಕೂ ಒಂದೇ ಮರ್ಯಾದೆ ಕೊಟ್ಟೆ. ಬೇಕೆಂದೇ. ಅವರು ಹುಬ್ಬು ಗಂಟಿಕ್ಕಿದರು. "ಮೊನ್ನೆ ಫೋನಲ್ಲಿ ಚೆನ್ನಾಗೇ ಮಾತಾಡ್ತಿದ್ದೆ! ಹೋಗ್ಲಿ, ಇನ್ನೆರಡು ವಾರ ಹಳೇದೇ ಇರ್ಲಿ."

ದಾರಿಯುದ್ದಕ್ಕೂ ಖುಷಿ. ಮೆಟ್ಟಿಲು ಹತ್ತುವಾಗ ಅಕ್ಕನ ಮುಖ ಹೇಗೆ ನೋಡುವುದು ಅನ್ನಿಸಿತು.

ಮೇ ೨೦

ಮತ್ತೆ ಕೇಳಿದರು. ಮತ್ತೆ ಕೆಡಿಸಿದೆ.

"ತಿಂಗಳ ಕೊನೇ ತನಕ ನೋಡ್ತೀನಿ," ಅಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ಇಟ್ಕೋಬೇಕಾಗತ್ತೆ. ನಿನ್ನಕ್ಕನಿಗೂ ಹೇಳಿದ್ದೀನಿ."

ಮೇ ೨೪

ಅಕ್ಕ ಬಾಗಿಲಲ್ಲೇ ಸ್ಲೇಟು ಹಿಡಿದು ನಿಂತಿದ್ದಳು. "ಹೇಳು."

ಮಣಿಕಟ್ಟು ಅವಳ ಕೈಗೆ ಹೋಯಿತು. ಅಲ್ಲಿ ಸುಳ್ಳು ಹೇಳಲು ಆಗಲಿಲ್ಲ. ಅವಳ ಬೆರಳು ಬಿಗಿಯುವ ಮೊದಲೇ ಒತ್ತು ಬಿತ್ತು. ಮೂರು ವಾಕ್ಯಕ್ಕೆ ಒಂದು ಸಲವೂ ಚಿವುಟಲಿಲ್ಲ.

ಬರೆದಳು: "ಕಳ್ಳಿ."

"ಒಂದೂಕಾಲಿಗೆ ಮಾಡೋದು ನೀನೇ ಅಂತ ಗೊತ್ತು ಕಣೇ," ಅಂದೆ. ಮೊಬೈಲ್ ತೆಗೆದೆ. ಮೆಷಿನ್ನಿನ ಮುಂದೆ ಹಿಡಿದು ಎಲ್ಲ ತುಂಬಿಸಿಕೊಂಡಿದ್ದೆ. "ಅಳಿಸಿದ್ರೂ ಇದರಲ್ಲಿರತ್ತೆ. ಯಾವಾಗ ಬೇಕಾದ್ರೂ ಕೇಳು."

ಅಕ್ಕ ಮೊಬೈಲ್ ಮುಟ್ಟಲಿಲ್ಲ. ಬರೆದಳು, ಅಳಿಸಿದಳು, ಮತ್ತೆ ಬರೆದಳು: "ಇದರಲ್ಲಿ ಅದು ಫೋಟೋ. ಅಲ್ಲಿ ಅದು ಕೆಲಸಕ್ಕೆ ಹೋಗ್ತಿತ್ತು."

ನನಗೆ ಅಳು ತಡೆಯಲಿಲ್ಲ. ಅವಳು ಸ್ಲೇಟಿನ ಮೂಲೆಯಲ್ಲಿ ಚಿಕ್ಕದಾಗಿ ಸೇರಿಸಿದಳು: "ಸೋಮವಾರ ನಾನೂ ಬರ್ತೀನಿ."

ಮೇ ೨೭, ಸೋಮವಾರ

ಬಾಗಿಲು ತೆರೆಯುವ ಮುಂಚೆಯೇ ಹೋದೆವು. ಅಕ್ಕನ ಕುತ್ತಿಗೆಗೆ ನೀಲಿ ಬಟ್ಟೆ. ನರ್ಸಮ್ಮ ತಬ್ಬಿಕೊಂಡಳು. "ನೀನಿಲ್ದೆ ಹರಟೆಗೆ ಒಂದು ನರಪಿಳ್ಳೆ ಇಲ್ಲ ಇಲ್ಲಿ. ನಿನ್ನ ತಂಗಿ ಬಾಯೇ ಬಿಡಲ್ಲ!" ಅಕ್ಕ ತನ್ನ ಕುತ್ತಿಗೆ ತೋರಿಸಿ, ನನ್ನತ್ತ ಕೈ ಮಾಡಿ, ಯಾರದು ವಾಸಿ ಎನ್ನುವಂತೆ ಕೈ ತಿರುಗಿಸಿದಳು. ನಕ್ಕೆವು. ಅವಳ ನಗುವಿಗೆ ಸದ್ದಿರಲಿಲ್ಲ.

"ಕೊನೇ ಸಲ ಕೇಳ್ತೀಯಾ?" ಅಂದೆ. ಬೇಡವೆಂದು ತಲೆ ಅಲ್ಲಾಡಿಸಿದಳು. ಹೊಸ ದನಿ ತುಂಬುವ ಕೆಂಪು ಗುಂಡಿ ಅವಳೇ ಒತ್ತಿದಳು.

ಹೇಳಿದೆ. ಒಂದೇ ಸಲಕ್ಕೆ ಸರಿ ಬಂತು. ಡಾಕ್ಟರಮ್ಮ ಕೇಳಿ, "ಥೇಟ್ ನಿನ್ನಕ್ಕ," ಅಂದರು.

ಒಂದೂಕಾಲಿಗೆ ಫೋನ್ ಬರಲಿಲ್ಲ.

ಜೂನ್ ೫

ಕೆಲಸ ಖಾಯಂ. ಅಮ್ಮ ಇಬ್ಬರು ನೆಂಟರಿಗೆ ಹೇಳಿದಳು.

ಒಂದೂಕಾಲಿನ ಕರೆ ಇಲ್ಲ, ಹತ್ತು ದಿನವಾಯಿತು. ಅಕ್ಕ ಸ್ಲೇಟನ್ನೂ ಮುಟ್ಟುತ್ತಿಲ್ಲ. ಕೇಳಿದ್ದಕ್ಕೆ ತಲೆ ಆಡಿಸುತ್ತಾಳೆ, ಅಷ್ಟೇ. ಸಂಜೆ ಪಾಠಕ್ಕೆಂದು ಕೈ ಚಾಚಿದೆ. ಹಿಡಿಯಲಿಲ್ಲ. ನನ್ನ ತೋಳಿನ ಬಟ್ಟೆ ಮಣಿಕಟ್ಟಿನವರೆಗೆ ಎಳೆದು ಸರಿಮಾಡಿ, ಎದ್ದುಹೋದಳು.

ಜೂನ್ ೬, ಬೆಳಗ್ಗೆ ೯.೪೦, ಕ್ಲಿನಿಕ್

ಪುಸ್ತಕ ಇಲ್ಲಿಗೇ ತಂದಿದ್ದೇನೆ. ಹತ್ತಕ್ಕೆ ಬಾಗಿಲು.

ಈಗ ತಾನೇ ಮನೆಗೆ ಫೋನ್ ಮಾಡಿದೆ. ಅಮ್ಮ ಮಾರ್ಕೆಟ್ಟಿಗೆ ಹೋಗುವ ಹೊತ್ತು ನೋಡಿಕೊಂಡು. ಬಹಳ ಹೊತ್ತು ಬಾರಿಸಿತು. ಕೊನೆಗೆ ಅಕ್ಕ ಎತ್ತಿದಳು, ಸೀಟಿಯ ಉಸಿರು ಕೇಳಿಸಿತು.

ಏನು ಹೇಳುವುದೆಂದು ಯೋಚಿಸಿರಲಿಲ್ಲ. ಇವತ್ತಿನ ಪಟ್ಟಿ ಮುಂದಿತ್ತು. ಅದನ್ನೇ ಓದಿದೆ. "ಹತ್ತಕ್ಕೆ ಕಟ್ಟಿದ ಹಲ್ಲಿನ ಮೇಷ್ಟ್ರು. ಹತ್ತೂವರೆಗೆ ಬೇಕರಿಯವ್ರು, ಅದೇ ಎಡಗಡೆ ದವಡೆ, ಇನ್ನೂ ಕೀಳಿಸ್ಕೊಂಡಿಲ್ಲ ಪುಣ್ಯಾತ್ಮ. ಹನ್ನೊಂದಕ್ಕೆ ಯಾರೂ ಇಲ್ಲ..."

ಕೊನೆಯವರೆಗೂ ಕೇಳಿದಳು. ಮುಗಿದ ಮೇಲೂ ಫೋನ್ ಇಡಲಿಲ್ಲ. ನಾಳೆಯ ಪಟ್ಟಿಯ ಹಾಳೆ ತಿರುವಿ ಓದತೊಡಗಿದೆ...